ಅತ್ತೆಯ ಮಾತಿಗೊಂದು ಇಂಗ್ಲಿಷ್ ಪದ

"ಸ್ಯಾಡ್‌ನೆಸ್ ಅಂತ ಹಾಕಿ, ಸಾಕು," ಅಂದರು.

ನಾನು ಹಾಕಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇಡೀ ಸ್ಟುಡಿಯೋಗೆ ಗೊತ್ತು. ಕೀಬೋರ್ಡ್ ಬಿಟ್ಟು ಕೈಕಟ್ಟಿ ಕೂತೆ.

ಅವರು ಕ್ಯಾಮೆರಾಮನ್. ತೀರಿಕೊಂಡ ಹೆಂಡತಿಯ ಬಗ್ಗೆ ವರ್ಷಗಟ್ಟಲೆ ಕೂತು ಒಂದು ಸಾಕ್ಷ್ಯಚಿತ್ರ ಮಾಡಿದ್ದರು. ಅದಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಬರೆಯುವ ಕೆಲಸ ನನ್ನದು. ಸಂಜೆಯೊಳಗೆ ಫೈಲ್ ಹೋಗಬೇಕು, ಉಳಿದದ್ದು ಒಂದೇ ಸಾಲು. ಪರದೆಯ ಮೇಲೆ ಅವರ ಅತ್ತೆ. ಮಗಳು ಹೋದ ಹೊಸದರಲ್ಲಿ ತೆಗೆದ ಶಾಟ್. ಕಣ್ಣೊರೆಸಿಕೊಂಡು ಹೇಳುತ್ತಾರೆ: "ನಮ್ಮ ಅಳಿಯನ ದುಃಖ ನೋಡಕ್ಕಾಗಲ್ಲ."

ಎಂಥ ದುಃಖ ಅನ್ನುವುದು ಆಕೆಯ ದನಿಯಲ್ಲೇ ಇದೆ. ಇಂಗ್ಲಿಷಿನಲ್ಲಿ ನಾನು ತೂಗಿ ಆರಿಸಬೇಕು. ಗ್ರೀಫ್ ಅಂದರೆ ಸತ್ತವರಿಗಾಗಿ ಎದೆ ಬಿರಿಯುವುದು. ಸಾರೋ ಅಂದರೆ ಅದು ಮಾಗಿ ಒಳಗೇ ಉಳಿಯುವುದು. ಸ್ಯಾಡ್‌ನೆಸ್ಸೋ, ಬಸ್ಸು ತಪ್ಪಿದರೂ ಆದೀತು.

ನಾನು ಗ್ರೀಫ್ ಅಂತ ಬರೆದಿದ್ದೆ. ಅವರು ಬೆಳಿಗ್ಗೆಯಿಂದ ಬೇಡ ಅನ್ನುತ್ತಿದ್ದರು. ಇದನ್ನು ನೋಡಿದವರು ನಾನು ಈಗಲೂ ಹಾಗೇ ಇದ್ದೇನೆ ಅಂದುಕೊಳ್ಳುತ್ತಾರೆ ಅನ್ನುವುದು ಅವರ ವಾದ. ಹೇಳುವಾಗ ಪರದೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ನಾನು ತಿರುಗಿದೊಡನೆ ಕನ್ನಡಕ ತೆಗೆದು, ಚೊಕ್ಕವಾಗಿಯೇ ಇದ್ದ ಗಾಜನ್ನು ಒರೆಸತೊಡಗಿದರು.

ಆ ಹಗುರ ಪದ ನನಗೂ ಬೇಕಿತ್ತು. ಅದಕ್ಕೇ ಕೈ ಬರುತ್ತಿರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗೆ.

"ಹೆತ್ತ ತಾಯಿ ಅಳ್ತಾ ಹೇಳಿದ ಮಾತು ಅದು," ಅಂದೆ. "ಅದನ್ನ ಹಗುರ ಮಾಡಿದ್ರೆ ನನ್ನ ಸ್ವಾರ್ಥಕ್ಕೆ ಮಾಡಿದ ಹಾಗಾಗತ್ತೆ."

"ನಿಮ್ಮದೇನು ಸ್ವಾರ್ಥ?"

ಬಾಯಿ ಜಾರಿತ್ತು. ಎದ್ದು ಹೋಗಿಬಿಡಲೇ ಅನ್ನಿಸಿತು. ಎದ್ದರೆ ಮತ್ತೆ ಈ ಮುಖ ನೋಡಲು ನೆಪವೇ ಇರುವುದಿಲ್ಲ.

ಅವರು ಫೋನ್ ತೆಗೆದು ಸೀದಾ ಅತ್ತೆಗೇ ಮಾಡಿದರು, ಸ್ಪೀಕರ್ ಹಾಕಿ. ನಮ್ಮ ಜಗಳವನ್ನೆಲ್ಲ ಒಪ್ಪಿಸಿ, ನೀವೇ ತೀರ್ಮಾನ ಮಾಡಿ ಅಂದರು. ಆ ಕಡೆ ಕುಕ್ಕರ್ ಕೂಗಿ ನಿಂತಿತು.

"ಅವತ್ತು ನೀನು ಗೋಡೆಗೆ ತಲೆ ಚಚ್ಕೊಂಡಿದ್ದನ್ನ ನಾನು ನೋಡಿದೀನಿ," ಅಂದರು ಅತ್ತೆ. "ಇರೋದ್ರಲ್ಲಿ ದೊಡ್ಡ ಪದಾನೇ ಹಾಕ್ಸು. ಈಗ ನಿನ್ನ ಮನಸ್ಸಲ್ಲಿ ಬೇರೆ ಏನೋ ಇದ್ರೆ ನಿನ್ನ ಬಾಯಲ್ಲೇ ಹೇಳು ಮಾರಾಯ. ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ? ಆ ಹುಡುಗಿ ಅಲ್ಲೇ ಇದಾಳಾ?"

"ಇದಾರೆ."

"ಮತ್ತೆ ನಂಗ್ಯಾಕೆ ಫೋನ್ ಮಾಡ್ದೆ? ಇಡು."

ಅವರ ಕಿವಿ ಕೆಂಪಾಗಿತ್ತು. ನನ್ನದೂ ಆಗಿರಬೇಕು. ಗ್ರೀಫ್ ಅನ್ನು ಹಾಗೇ ಬಿಟ್ಟು ಫೈಲ್ ಕಳಿಸಿದೆ. ಕೆಲಸ ಮುಗಿಯಿತು, ಇಬ್ಬರೂ ಏಳಲಿಲ್ಲ.

"ಈ ದುಃಖ ಪೂರ್ತಿ ಹೋಗತ್ತೆ ಅಂತ ಮಾತು ಕೊಡಕ್ಕಾಗಲ್ಲ ನಂಗೆ," ಅಂದರು ಕೊನೆಗೆ. "ಆದ್ರೂ ನಾಳೆಯಿಂದ ನೀವು ಈ ಕುರ್ಚೀಲಿ ಇರಲ್ಲ ಅಂದ್ರೆ ಭಯ ಆಗತ್ತೆ."

"ಹೋಗ್ಲಿ ಅಂತ ಯಾರು ಕೇಳಿದ್ರು?" ಅಂದೆ. "ಅದೂ ಇರ್ಲಿ. ನಾನೂ ಇರ್ತೀನಿ."