ಚಕ್ಲಿಯ ಮಾತ್ರೆ

"ಬಾಯಿಗೆ ಕೈ ಹಾಕ್ಬೇಡಿ!"

ಅಲ್ಲಾಳಸಂದ್ರ ಕೆರೆಯ ಪಕ್ಕ ಮಂಡಿಯೂರಿದ್ದ ವೇದಾ ಬೆಚ್ಚಿ ತಲೆಯೆತ್ತಿದಳು. ಅವಳೆದುರು ಅವಳ ನಾಯಿ ಚಕ್ಲಿ ಅಡ್ಡಬಿದ್ದು ನಾಲ್ಕೂ ಕಾಲು ಬಡಿಯುತ್ತಿತ್ತು. ಬಾಯಿ ತುಂಬ ನೊರೆ.

"ನಾಲಿಗೆ ಕಚ್ಕೊಳ್ತಾಳೆ..."

"ಕಚ್ಚೋದು ನಿಮ್ಮ ಬೆರಳನ್ನ. ತಲೆ ಕಲ್ಲಿಗೆ ತಾಗದ ಹಾಗೆ ನೋಡ್ಕೊಳ್ಳಿ ಸಾಕು. ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ ಓಡ್ಬೇಕು, ನಾನು ಟೈಮ್ ನೋಡ್ತಿರ್ತೀನಿ."

ಎರಡು ನಿಮಿಷಕ್ಕೆ ನಡುಕ ನಿಂತಿತು. ಚಕ್ಲಿ ಎದ್ದು, ಯಾರ ಗುರುತೂ ಸಿಗದಂತೆ ವೇದಾಳನ್ನೇ ದಿಟ್ಟಿಸಿತು. ಅವಳಿಗೆ ಅಳು ಬಂತು.

ಕೂಗಿ ಎಚ್ಚರಿಸಿದವನ ಹೆಸರು ಗೋಕುಲ್. ಕೆರೆಯ ಆಚೆ ದಂಡೆಯಲ್ಲಿ ತಾಯಿ ಲಕ್ಷ್ಮಿದೇವಮ್ಮನೊಂದಿಗೆ ಗಿಡಗಳ ನರ್ಸರಿ ನಡೆಸುತ್ತಿದ್ದ. ಆ ದಿನ ಅವನೇ ತನ್ನ ವ್ಯಾನಿನಲ್ಲಿ ಇಬ್ಬರನ್ನೂ ಹೆಬ್ಬಾಳದ ಪಶು ಆಸ್ಪತ್ರೆಗೆ ಕರೆದೊಯ್ದ.

"ವಿಷ, ಲಿವರ್ ತೊಂದರೆ, ಶುಗರ್ ಇಳಿಯೋದು, ತಲೆಗೆ ಪೆಟ್ಟು... ಕಾರಣ ಏನು ಬೇಕಾದ್ರೂ ಇರಬಹುದು," ಎಂದಿದ್ದ ಡಾಕ್ಟರು, ಪರೀಕ್ಷೆಗಳೆಲ್ಲ ಮುಗಿದ ಮೇಲೆ, "ಅದ್ಯಾವುದೂ ಅಲ್ಲ. ಇದು ಮೂರ್ಛೆರೋಗ. ದಿನಕ್ಕೆ ಎರಡು ಸಲ ಮಾತ್ರೆ ಕೊಡಿ. ನಮ್ಮನ್ನ ಕೇಳದೆ ಮಾತ್ರ ನಿಲ್ಲಿಸ್ಬೇಡಿ," ಎಂದರು.

ಮತ್ತೆ ನಾಲ್ಕು ತಿಂಗಳು ಚಕ್ಲಿಗೆ ಫಿಟ್ಸ್ ಬರಲಿಲ್ಲ. ಅಟ್ಟೂರಿನ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ವೇದಾ, ಸಂಜೆಯಾದರೆ ನರ್ಸರಿಯಲ್ಲಿರುತ್ತಿದ್ದಳು. ಲಕ್ಷ್ಮಿದೇವಮ್ಮ ಅವಳನ್ನು ಸೊಸೆಯೆಂದೇ ನೋಡತೊಡಗಿದ್ದರು.

ಒಂದು ಶನಿವಾರ ಚಕ್ಲಿಯನ್ನು ಗೋಕುಲ್ ಬಳಿ ಬಿಟ್ಟು ವೇದಾ ಕೋಲಾರಕ್ಕೆ ಮದುವೆಗೆ ಹೋದಳು. ಮಧ್ಯಾಹ್ನ ಫೋನ್ ಬಂತು.

"ಫಿಟ್ಸ್ ನಿಲ್ತಾನೇ ಇಲ್ಲ ವೇದಾ. ಹೆಬ್ಬಾಳಕ್ಕೆ ಕರ್ಕೊಂಡು ಹೋಗ್ತಿದ್ದೀನಿ. ಬೇಗ ಬಾ."

ಅವಳು ಬಂದಾಗ ಗೋಕುಲ್ ತಾಯಿಯೊಂದಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತಿದ್ದ. ಅಂಗಿಯೆಲ್ಲ ಚಕ್ಲಿಯ ನೊರೆಯಿಂದ ಒದ್ದೆ.

"ನಿನ್ನ ನರ್ಸರೀಲಿ ಬಸವನಹುಳಕ್ಕೆ ಹಾಕೋ ವಿಷ ತಿಂದಿದ್ದಾಳೆ, ಅಲ್ವಾ?"

"ಅದು ಬೀಗದೊಳಗಿದೆ..."

"ನಂಬಿ ಬಿಟ್ಟು ಹೋದೆ. ಸಾಯಿಸ್ತಾ ಇದ್ದೀಯ ನೀನು."

"ಇಂಗೆಲ್ಲಾ ಅನ್ಬೇಡ ಕಣಮ್ಮ," ಎಂದು ಕೈ ಹಿಡಿಯಲು ಬಂದ ಲಕ್ಷ್ಮಿದೇವಮ್ಮನನ್ನು ಅವಳು ತಳ್ಳಿದಳು. ಅಲ್ಲೇ ನಿಂತು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಬರೆದಳು: ಗೋಕುಲ್ ನರ್ಸರಿಯಲ್ಲಿ ನಾಯಿಗೆ ವಿಷ. ಯಾರೂ ಹೋಗಬೇಡಿ.

ಮರುದಿನ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದರು.

"ವಿಷದ ಲಕ್ಷಣ ಇಲ್ಲ. ಆದ್ರೆ ರಕ್ತದಲ್ಲಿ ಮಾತ್ರೆಯ ಅಂಶವೂ ಇಲ್ಲ. ನಿಲ್ಲಿಸಿದ್ರಾ?"

ಹೌದು. ಎರಡು ವಾರಗಳ ಹಿಂದೆ. ಮಾತ್ರೆ ನುಂಗಿದ ಮೇಲೆ ಚಕ್ಲಿ ಸದಾ ಮಂಕಾಗಿ ಬಿದ್ದಿರುತ್ತಿತ್ತು, ಬಟ್ಟಲುಗಟ್ಟಲೆ ನೀರು ಕುಡಿಯುತ್ತಿತ್ತು. ವಾಸಿಯಾಗಿದೆಯಲ್ಲ, ಪಾಪ, ಇನ್ನೇಕೆ ಈ ಹಿಂಸೆ ಎಂದುಕೊಂಡಿದ್ದಳು. ಗೋಕುಲ್‌ಗೂ ಹೇಳಿರಲಿಲ್ಲ.

"ಇಲ್ಲ ಡಾಕ್ಟ್ರೇ," ಎಂದಳು.

ಡಾಕ್ಟರು ಅವಳನ್ನೇ ನೋಡಿದರು. "ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ್ರೆ ಮೊದಲಿಗಿಂತ ಜೋರಾಗಿ ಬರುತ್ತಮ್ಮ," ಎಂದಷ್ಟೇ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಚಕ್ಲಿ ಸತ್ತುಹೋಯಿತು.

ಗೋಕುಲ್ ಎರಡು ಸಲ ಫೋನ್ ಮಾಡಿದ. ಅವಳು ತೆಗೆಯಲಿಲ್ಲ. ಅವನ ದನಿ ಕೇಳಿದರೆ ನಿಜ ಬಾಯಿಗೆ ಬಂದುಬಿಡುತ್ತದೆ ಎಂಬ ಭಯ. ಅವನ ಮೇಲೆ ಸಿಟ್ಟಿದೆಯೆಂದು ತನಗೆ ತಾನೇ ಹೇಳಿಕೊಂಡು ಮೂರು ತಿಂಗಳು ಕಳೆದಳು.

ಒಂದು ದಿನ ಶಾಲೆಯ ಸ್ಟಾಫ್‌ರೂಮಿನಲ್ಲಿ ಹೊಸದಾಗಿ ಸೇರಿದ್ದ ಟೀಚರೊಬ್ಬಳು ಹೇಳುತ್ತಿದ್ದಳು. "ಕೆರೆ ಹತ್ರದ ನರ್ಸರಿಗೆ ಹೋಗ್ಬೇಡ್ರೀ. ನಾಯಿಗೆ ವಿಷ ಹಾಕಿ ಸಾಯಿಸಿದ್ನಂತೆ ಅವ್ನು."

ವೇದಾಳ ಕೈಯಲ್ಲಿದ್ದ ಪೆನ್ನು ನಿಂತುಹೋಯಿತು. ನಾನು ಹೇಳಿದ ಸುಳ್ಳು... ಚಕ್ಲಿಯನ್ನು ಕಂಡೇ ಇಲ್ಲದವಳ ಬಾಯಲ್ಲಿ.

ಸಂಜೆ ಅವಳು ನರ್ಸರಿಗೆ ಹೋದಳು. ಅರ್ಧಕ್ಕರ್ಧ ಕುಂಡಗಳು ಒಣಗಿದ್ದವು. ಗೋಕುಲ್ ಎದ್ದು ನಿಂತ. ಸೊರಗಿದ್ದ.

"ಮಾತ್ರೆ ನಾನೇ ನಿಲ್ಲಿಸಿದ್ದೆ ಗೋಕುಲ್. ಅವಳನ್ನ ಕೊಂದಿದ್ದು ನಾನು."

"ಗೊತ್ತು."

"ಗೊತ್ತಾ?"

"ಚಕ್ಲಿ ಹೋದ ದಿನ ಬೆಳಿಗ್ಗೆನೇ ಡಾಕ್ಟ್ರು ನನ್ನನ್ನೂ ಕೇಳಿದ್ರು, ರಕ್ತದಲ್ಲಿ ಮಾತ್ರೆ ಅಂಶವೇ ಇಲ್ಲ, ಕೊಡ್ತಿರ್ಲಿಲ್ವಾ ಅಂತ. ಆಗ್ಲೇ ಅರ್ಥ ಆಯ್ತು."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ? ಜನ ನಿನ್ನನ್ನ ಅಷ್ಟೆಲ್ಲಾ ಅಂತಿದ್ರೂ..."

"ನೀನೇ ಬಂದು ಹೇಳ್ತೀಯ ಅಂತ ಕಾದೆ. ದಿನಾ ಕಾದೆ ವೇದಾ. ನಾಯಿ ಹೋಗಿದ್ದಕ್ಕಿಂತ ಅದು ಜಾಸ್ತಿ ನೋಯ್ತು."

ಅವಳು ಫೋನ್ ತೆಗೆದು ಅದೇ ಗ್ರೂಪಿಗೆ, ತನ್ನ ಹೆಸರು ಹಾಕಿ, ನಡೆದದ್ದನ್ನೆಲ್ಲ ಬರೆದು ಕಳಿಸಿದಳು. ಕೂಡಲೇ ಉತ್ತರಗಳು ಬರತೊಡಗಿದವು. ಒಂದಕ್ಕಿಂತ ಒಂದು ಕಠೋರ. ಎಲ್ಲವನ್ನೂ ನಿಂತು ಓದಿದಳು. ಗೋಕುಲ್ ಮೆಲ್ಲನೆ ಅವಳ ಕೈಯಿಂದ ಫೋನ್ ತೆಗೆದುಕೊಂಡು ಪಕ್ಕಕ್ಕಿಟ್ಟ.

"ಸಾಕು, ಓದ್ಬೇಡ."

"ನನ್ನ ಮೇಲೆ ಇನ್ನೂ ಪ್ರೀತಿ ಇದೆಯಾ?"

"ಇದೆ. ಸಿಟ್ಟೂ ಇದೆ. ಅದು ಬೇಗ ಹೋಗಲ್ಲ."

"ಅಮ್ಮನ ಹತ್ರ ಮಾತಾಡ್ಬೇಕು. ಒಳಗೆ ಬರ್ಲಾ?"

ಅವನು ಮನೆಯ ಮುಚ್ಚಿದ ಬಾಗಿಲ ಕಡೆ ನೋಡಿದ.

"ಇವತ್ತು ಬೇಡ. ನಿನ್ನ ಹೆಸರೆತ್ತಿದ್ರೆ ಎದ್ದು ಹೋಗ್ತಾಳೆ." ಅವನು ಅವಳ ಕೈ ಹಿಡಿದ. "ಭಾನುವಾರ ಬಾ."

"ಬೈದ್ರೆ?"

"ಬೈತಾಳೆ. ನಾನು ಪಕ್ಕದಲ್ಲೇ ಕೂತಿರ್ತೀನಿ."