ಕುದಿಸಿದರೂ ಉಳಿದದ್ದು

"ಸುಳ್ಳು! ನೀವು ಈ ಬಾಟಲಿಗಳನ್ನ ಸರಿಯಾಗಿ ಕಾಯಿಸೇ ಇಲ್ಲ!"

ಎಷ್ಟೋ ದಿನಗಳಿಂದ ತಾನು ಲ್ಯಾಬಿನ ಗಾಜಿನ ಆಚೆಯಿಂದ ಕದ್ದು ನೋಡುತ್ತಿದ್ದವನ ಜೊತೆ ಅವಳು ಆಡಿದ ಮೊದಲ ಮಾತು ಇದು. ಎಂಥಾ ಮುಹೂರ್ತ ನೋಡಿ!

ಆಸ್ಪತ್ರೆಗಳಿಗೆ ಡ್ರಿಪ್ ಬಾಟಲಿ ತಯಾರಿಸುವ ಕಾರ್ಖಾನೆ ಅದು. ಅವನು ಬಾಟಲಿಗಳನ್ನು ಹಬೆಯಲ್ಲಿ ಕಾಯಿಸಿ ರೋಗಾಣು ಕೊಲ್ಲುವ ಆಪರೇಟರ್. ಅವಳು ಆ ಬಾಟಲಿಗಳನ್ನು ಪರೀಕ್ಷಿಸುವ ಲ್ಯಾಬ್ ಮೇಡಂ. ಇವತ್ತಿನ ಬಾಟಲಿಗಳು ರೋಗಿಯ ಮೈ ಸೇರಿದ್ದರೆ ಚಳಿಜ್ವರ ಖಂಡಿತ ಎಂದು ಪರೀಕ್ಷೆ ಹೇಳಿತ್ತು.

"ಅಮ್ಮನಾಣೆ ಮೇಡಂ, ಪೂರ್ತಿ ಕಾಯಿಸಿದ್ದೀನಿ."

"ನೀವು ಆಣೆ ಇಟ್ರೆ ಜ್ವರ ಬರದೇ ಇರುತ್ತಾ?"

ಸಂಜೆಯೊಳಗೆ ಅವನ ಕೆಲಸ ಹೋಯಿತು.

ಆಮೇಲೆ ಬಂತು ಇನ್ನೊಂದು ಫಲಿತಾಂಶ. ಬಾಟಲಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಒಂದೂ ಇರಲಿಲ್ಲ! ಅವನು ಕಾಯಿಸಿದ್ದು ನಿಜ. ಅವು ಸತ್ತಿದ್ದವು. ಆದರೆ ಅವುಗಳ ಹೊರಕವಚದ ಕೊಬ್ಬು ಹಬೆಗೂ ಜಗ್ಗದೆ ನೀರಿನಲ್ಲೇ ಉಳಿದಿತ್ತು. ಮೈಯ ಕಾವಲು ಕಣಗಳಿಗೆ ಆ ಕೊಬ್ಬು ಸಿಕ್ಕರೆ ಸಾಕು, ಶತ್ರು ಸತ್ತಿದ್ದಾನೋ ಬದುಕಿದ್ದಾನೋ ಎಂದು ವಿಚಾರಿಸದೆ ಜ್ವರ ಏರಿಸಿಬಿಡುತ್ತವೆ. ಓದಿದ ಪಾಠವೇ, ಸಿಟ್ಟಿನಲ್ಲಿ ನೆನಪಾಗಿರಲಿಲ್ಲ.

ಹಾಗಾದರೆ ಅವು ನೀರಿನಲ್ಲಿ ಬೆಳೆದದ್ದು ಯಾವಾಗ?

'ಅಯ್ಯೋ... ರಜೆಗೆ ಮುಂಚೆ ಬಾಟಲಿಗೆ ತುಂಬೋ ನೀರಿನ ಟ್ಯಾಂಕ್ ಖಾಲಿ ಮಾಡೋದು ಬೇಡ, ನೀರು ಹಾಗೇ ಇರ್ಲಿ ಅಂದವಳು ನಾನೇ ಅಲ್ವಾ!'

ಮ್ಯಾನೇಜರ್ ಹತ್ತಿರ ಓಡಿದಳು. "ಸರ್, ತಪ್ಪು ನಂದು. ಅವರನ್ನ ವಾಪಸ್ ಕರೀರಿ."

"ಆ ಜಾಗಕ್ಕೆ ಬೇರೆಯವರು ಬಂದಾಯ್ತಮ್ಮ. ಈಗ ನನ್ನ ಕೈಲೂ ಏನಿಲ್ಲ."

ಬೇಡಿದಳು, ಅತ್ತಳು. ಏನೂ ಆಗಲಿಲ್ಲ.

ಅವನ ಮನೆಯ ಬಾಗಿಲು ತೆರೆದದ್ದು ಅವನ ಅಮ್ಮ.

"ಆ ಲ್ಯಾಬ್ ಮೇಡಂ ನೀವೇನಾ? ದಿನಾ ನಿಮ್ಮನ್ನ ಹೊಗಳಿ ಹೊಗಳಿ ನನ್ನ ತಲೆ ತಿಂತಿದ್ದನಲ್ಲಮ್ಮ, ನನ್ನ ಮಗ!" ಎಂದವರೇ ಒಳಗೆ ಹೋದರು. ಆ ಮಾತು ಕೇಳಿ ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅವನು ಹೊರಗೆ ಬಂದ.

"ನೀವು ಸುಳ್ಳು ಹೇಳಿರ್ಲಿಲ್ಲ. ತಪ್ಪು ನಂದೇ... ಆದ್ರೆ ನಿಮ್ಮ ಕೆಲಸ ವಾಪಸ್ ಕೊಡಿಸೋಕೆ ನನ್ನ ಕೈಲಾಗ್ಲಿಲ್ಲ."

"ಯಾರು ಏನಂದಿದ್ರೂ ತಡ್ಕೊಳ್ತಿದ್ದೆ ಮೇಡಂ. ನೀವೇ ಅಂದ್ರಲ್ಲ..."

ಅವಳು ಕಣ್ಣೊರೆಸಿಕೊಂಡಳು. ಕೊಡಲು ಅವಳ ಬಳಿ ಬೇರೇನೂ ಇರಲಿಲ್ಲ.

"ನೀವಂದ್ರೆ ನಂಗೆ ತುಂಬಾ ಇಷ್ಟ. ಇವತ್ತು ಅದನ್ನ ಹೇಳೋ ಹಕ್ಕು ನಂಗಿಲ್ಲ, ಗೊತ್ತು."

ಅವನು ಮೆಲ್ಲಗೆ ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ.

"ಹಕ್ಕಿಲ್ಲ, ನಿಜ... ಆದ್ರೂ ಇನ್ನೊಂದ್ಸಲ ಹೇಳಿ."