ಗೋಡೆ ಕಡೆಗೆ ತಿರುಗಿ ಮಲಗುತ್ತಿದ್ದವನು

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟಿದ್ದರು. ಬೆಳಿಗ್ಗೆ ಅವಳು ಎಂದಿನಂತೆ ಎದ್ದಳು. ನೀರು ಕಾಯಿಸಿದಳು. ಅವನ ಹಾಸಿಗೆಯ ಹೊದಿಕೆ ಎಳೆದಳು.

ಗೋಡೆ ಸಂದಿಗೆ ಏನೋ ದೊಪ್ಪನೆ ಬಿತ್ತು.

ಕಪ್ಪು ಪೆಟ್ಟಿಗೆ. ಅಂಗೈಯಗಲದ ಪರದೆ, ಮೇಲೆ ಎರಡು ಗಿಡ್ಡ ಆಂಟೆನಾ. ದೂರದ ಕ್ಯಾಮೆರಾ ಕಳಿಸುವ ಚಿತ್ರವನ್ನು ತಂತಿಯಿಲ್ಲದೆ ಹಿಡಿಯುವ ರಿಸೀವರ್. ಟಿವಿ ಕ್ಯಾಮೆರಾಮನ್ ಆಗಿದ್ದ ಅವನ ಕೈಯಲ್ಲಿ ಇಂಥದ್ದನ್ನು ಎಷ್ಟೋ ಸಲ ನೋಡಿದ್ದಳು. ಆದರೆ ಕಾಯಿಲೆ ಬಿದ್ದಾಗಲೇ ಆಫೀಸಿನ ಸಾಮಾನೆಲ್ಲ ವಾಪಸು ಕೊಟ್ಟಿದ್ದನಲ್ಲ!

ಗುಂಡಿ ಒತ್ತಿದಳು.

ಬಸ್ ನಿಲ್ದಾಣ. ರಸ್ತೆ. ಮನೆಗೆ ತಿರುಗುವ ಮೂಲೆ... ಪಕ್ಕದ ಮನೆಯ ಅಜ್ಜಿ ಚೀಲ ಹಿಡಿದು, ಇದೀಗ, ಅಲ್ಲಿ ನಡೆಯುತ್ತಿದ್ದರು!

ಇವನು... ನನ್ನ ಮೇಲೆ ಕಣ್ಣಿಟ್ಟಿದ್ದನೇ?

ಈಚಿನ ಸಂಜೆಗಳು ನೆನಪಾದವು. ಅವಳು ಕೆಲಸದಿಂದ ಬಂದು ಬಾಗಿಲು ತೆಗೆದರೆ ಸಾಕು, ಅವನು ಗೋಡೆ ಕಡೆಗೆ ತಿರುಗಿಬಿಡುತ್ತಿದ್ದ. ಮಾತಾಡಿಸಿದರೆ "ಹೂಂ" ಅಷ್ಟೇ. ನಾನು ಬೇಡವಾದೆನೇ? ಕೇಳಬೇಕೆಂದುಕೊಂಡಿದ್ದಳು. ಕೇಳಿರಲಿಲ್ಲ. ಈಗ ಯಾರನ್ನು ಕೇಳುವುದು?

ಪೆಟ್ಟಿಗೆಯ ಹಿಂದೆ ಮೂಲೆಯ ಕ್ಯಾಮೆರಾ ಅಂಗಡಿಯ ಹೆಸರು ಅಂಟಿಸಿತ್ತು. ಅದು ಅವನ ಗೆಳೆಯನದು. ಆನೆಯಂಥ ಆಳು, ಎಲ್ಲರೂ ಕರೆಯುವುದು 'ಮರಿ' ಅಂತ.

ಅವಳು ಪೆಟ್ಟಿಗೆ ಹಿಡಿದು ಅಂಗಡಿಗೆ ನುಗ್ಗಿದಳು.

"ಏನೋ ಇದು? ಇಬ್ಬರೂ ಸೇರಿ ನನ್ನ ಕಾವಲು ಕಾಯ್ತಿದ್ರಾ?"

ಮರಿ ಕುಡಿಯುತ್ತಿದ್ದ ಟೀ ಅಂಗಿಯ ಮೇಲೆ ಚೆಲ್ಲಿಕೊಂಡ. "ಅಯ್ಯೋ ಅತ್ತಿಗೆ, ಹಾಗಲ್ಲ! ಅಣ್ಣಂಗೆ ಕಿಟಕಿವರೆಗೂ ನಡೆಯೋಕಾಗ್ತಿರಲಿಲ್ವಲ್ಲ. 'ಅವಳು ಬಸ್ಸಿಳಿಯೋದು ನೋಡ್ಬೇಕು ಕಣೋ' ಅಂತ ಪ್ರಾಣ ತಿಂದ. ನಮ್ಮ ಬೋರ್ಡ್ ಮೇಲೆ ಕ್ಯಾಮೆರಾ ಕಟ್ಟಿ, ಆ ಪೆಟ್ಟಿಗೆ ಎರವಲು ಕೊಟ್ಟೆ. ನೀವು ಬಾಗಿಲಿಗೆ ಬಂದ ಕೂಡ್ಲೇ ಗೋಡೆ ಸಂದಿಗೆ ತುರುಕ್ತಿದ್ದ."

ಗೋಡೆ ಕಡೆಗೆ... ಅದಕ್ಕೇ!

"ನನ್ನಿಂದ ಯಾಕೆ ಮುಚ್ಚಿಟ್ಟ?"

"'ಕಾಯ್ತಿದೀನಿ ಅಂತ ಗೊತ್ತಾದ್ರೆ ಓಡಿ ಬರ್ತಾಳೆ, ರಸ್ತೆ ದಾಟೋವಾಗ ಆ ಕಡೆ ಈ ಕಡೆ ನೋಡಲ್ಲ' ಅಂತಿದ್ದ. ನೀವಿಳಿದ ಕೂಡ್ಲೇ ನಂಗೆ ಫೋನು! 'ಬಂದ್ಲು ಕಣೋ! ಏನೋ ಗೊಣಗ್ತಿದಾಳೆ, ನನ್ನೇ ಬೈತಿರ್ಬೇಕು' ಅಂತ ನಗೋನು."

"ಬೈತಾನೇ ಇದ್ದೆ..."

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಅಳು.

ಮರಿ ನೆಲ ನೋಡಿದ. "ಕ್ಯಾಮೆರಾ ಆರಿಸೋಕೆ ನಂಗೂ ಮನಸ್ಸು ಬರಲಿಲ್ಲ. ಆ ಪೆಟ್ಟಿಗೆ ನೀವೇ ಇಟ್ಕೊಳ್ಳಿ ಅತ್ತಿಗೆ."

"ಒಂದು ನಿಮಿಷ."

ಅವಳು ಪೆಟ್ಟಿಗೆ ಕೈಯಲ್ಲಿ ಹಿಡಿದೇ ಹೊರಗೆ ಹೋದಳು. ಎರಡೂ ಕಡೆ ನೋಡಿ ರಸ್ತೆ ದಾಟಿದಳು. ಬಸ್ಸಿಳಿಯುವ ಜಾಗದಲ್ಲಿ ನಿಂತು ಕ್ಯಾಮೆರಾದತ್ತ ತಲೆಯೆತ್ತಿದಳು.

"ನೋಡ್ದೆ ತಾನೇ? ಹುಷಾರಾಗೇ ದಾಟಿದೆ ಕಣೋ..."

ಥಟ್ಟನೆ ಕಣ್ಣನ್ನು ಪರದೆಗಿಳಿಸಿದಳು. ಚಿತ್ರ ಅಲ್ಲಿಗೆ ತಲುಪುವುದು ಅರೆಕ್ಷಣ ತಡ. ಪರದೆಯೊಳಗಿನ ಹೆಂಗಸು ಇನ್ನೂ ತಲೆಯೆತ್ತಿಯೇ ಇದ್ದಳು. ಕೂದಲು ಕೆದರಿತ್ತು. ಮುಖದ ತುಂಬ ಪ್ರೀತಿ.

ಅವನು ದಿನಾ ನೋಡಿದ್ದು ಇವಳನ್ನು!

ಅವಳು ಮರಳಿ ಬಂದು ರಿಸೀವರನ್ನು ಆರಿಸಿ ಮರಿಯ ಕೈಗಿಟ್ಟಳು.

"ತಗೋಪ್ಪ. ನಿಮ್ಮಣ್ಣನ ಕೆಲಸ ಮುಗೀತು."

"ಹಾಗಾದ್ರೆ ಕ್ಯಾಮೆರಾ ಇಳಿಸ್ಲಾ ಅತ್ತಿಗೆ?"

"ಇಳಿಸು. ಇನ್ಮೇಲೆ ನಿಧಾನಕ್ಕೇ ಬರ್ತೀನಿ."